ಇಂಟರ್ನ್ ಅಂದ್ರೆ ಕಾನೂನಿನ ಲೆಕ್ಕದಲ್ಲಿ ಯಾರು?

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು ಇಂಟರ್ನ್‌ಶಿಪ್ ‘ಮಾಡಿದ್ದು’ ಬೆಂಗಳೂರಿನ ಒಂದು ಟ್ರೈನಿಂಗ್ ಸೆಂಟರಿನಲ್ಲಿ. ದುಡ್ಡು ಕೊಟ್ಟವನು ನಾನೇ, ಸಿಕ್ಕಿದ್ದು ಒಂದು ಬಣ್ಣದ ಸರ್ಟಿಫಿಕೇಟು. ಇಂಟರ್ನ್, ಅಪ್ರೆಂಟಿಸ್ ಎರಡೂ ಒಂದೇ ಅಂದುಕೊಂಡಿದ್ದ ಕಾಲ ಅದು. ಒಂದೇ ಅಲ್ಲ.

ಅಪ್ರೆಂಟಿಸ್‌ಗಳಿಗೆ 1961ರ ಕಾಯ್ದೆ ಇದೆ. 1973ರ ತಿದ್ದುಪಡಿಯಿಂದ ಪದವಿ, ಡಿಪ್ಲೊಮಾ ಎಂಜಿನಿಯರುಗಳೂ ಅದರ ವ್ಯಾಪ್ತಿಗೆ ಬಂದರು. ಲಿಖಿತ ಒಪ್ಪಂದ ಆಗಬೇಕು, ಸ್ಟೈಪೆಂಡ್ ಕೊಡಲೇಬೇಕು. 2019ರಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ನಿಗದಿ ಮಾಡಿದರು. ಹಾಗಂತ ಇವರು ಕಾರ್ಮಿಕರಲ್ಲ. 18ನೇ ಸೆಕ್ಷನ್ ಪ್ರಕಾರ ಬರೀ ತರಬೇತಿಯವರು.

ಕಾಲೇಜಿನಿಂದ ಹೋಗುವ ಎಂಜಿನಿಯರಿಂಗ್ ಇಂಟರ್ನ್‌ಗೆ ಇಷ್ಟೂ ಇಲ್ಲ. ಕ್ರೆಡಿಟ್ ಕೊಡೋದು ವಿಶ್ವವಿದ್ಯಾಲಯ, ಕೆಲಸ ಮಾಡಿಸಿಕೊಳ್ಳೋದು ಕಂಪನಿ, ಸ್ಟೈಪೆಂಡ್ ಅವರ ಮರ್ಜಿ. ಅದಕ್ಕೇ ನನ್ನಂಥವರಿಂದ ಫೀಸು ವಸೂಲಿ ಮಾಡುವ ಅಂಗಡಿಗಳು ಹುಟ್ಟಿಕೊಂಡಿದ್ದು. 2024ರ ಕೇಂದ್ರ ಬಜೆಟ್ 500 ದೊಡ್ಡ ಕಂಪನಿಗಳಲ್ಲಿ, 5 ವರ್ಷದಲ್ಲಿ 1 ಕೋಟಿ ಯುವಜನರಿಗೆ, ತಿಂಗಳಿಗೆ 5,000 ರೂಪಾಯಿಯ ಇಂಟರ್ನ್‌ಶಿಪ್ ಘೋಷಿಸಿತು. ಶುರುವಾದಾಗ ಅದರಲ್ಲಿ ಪೂರ್ಣಾವಧಿ ಓದುತ್ತಿದ್ದವರಿಗೆ ಜಾಗ ಇರಲಿಲ್ಲ!

ಒಂದು ಕಾನೂನು ಮಾತ್ರ ಈ ಭೇದ ಮಾಡಿಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಸಂಬಳ ಇರಲಿ, ಬಿಡಲಿ, ಅದರ ಪ್ರಕಾರ ಟ್ರೈನಿಯೂ ‘ಉದ್ಯೋಗಿ’ಯೇ. ಹತ್ತು ಜನರಿಗಿಂತ ಕಡಿಮೆ ಇರುವ ಸ್ಟಾರ್ಟಪ್‌ನಲ್ಲಿ ಆಂತರಿಕ ಸಮಿತಿ ಇರದಿದ್ದರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಸಾಮಾನ್ಯವಾಗಿ ಮೂರು ತಿಂಗಳೊಳಗೆ.