ಮೂರನೆಯ ದರ್ಜೆಯ ಭ್ರೂಣಗಳ ಸಾಕ್ಷ್ಯ

ಆಕರಕೋಶಗಳ ಮಾದರಿಗಳಿಂದ ಸಸ್ತನಿ ಭ್ರೂಣದ ರೂಪರಚನೆಯನ್ನು ಅಭ್ಯಸಿಸುವ ಪದ್ಧತಿಯ ಚರಿತ್ರೆಯನ್ನು 2014ರ ಗ್ಯಾಸ್ಟ್ರುಲಾಯ್ಡ್‌ನಿಂದ ಆರಂಭಿಸುವುದು ವಾಡಿಕೆ. ಕೇಂಬ್ರಿಜ್‌ನ ಅಲ್ಫೊನ್ಸೊ ಮಾರ್ಟಿನೆಜ್ ಆರಿಯಾಸ್ ಅವರ ತಂಡ ಇಲಿಯ ಸುಮಾರು 300 ಆಕರಕೋಶಗಳನ್ನು ಉಂಡೆಗಟ್ಟಿಸಿ, ಐದು ದಿನಗಳಲ್ಲಿ ಆ ಉಂಡೆ ಒಂದು ದಿಕ್ಕಿಗೆ ನೀಳವಾಗುವುದನ್ನು ತೋರಿಸಿದ್ದು ದೊಡ್ಡ ಮುನ್ನಡೆಯೇ ಸರಿ. ಆದರೆ ಅದು ಮೊದಲಲ್ಲ. ಹವಾಯಿ ವಿಶ್ವವಿದ್ಯಾಲಯದ ಯುಸುಕೆ ಮಾರಿಕಾವ ಮತ್ತು ಸಂಗಡಿಗರು ಪಿ19 ಕೋಶಗಳ ಉಂಡೆಗಳಲ್ಲಿ ಇಂಥದೇ ನೀಳವಾಗುವಿಕೆಯನ್ನು 2009ರಲ್ಲಿ ಪ್ರಕಟಿಸಿದ್ದರು. ಪಿ19 ಗಡ್ಡೆಯಿಂದ ಬಂದ ಕೋಶವೆಂದು ಆ ಲೇಖನವನ್ನು ಬದಿಗಿಡುವುದು ಅನ್ಯಾಯ; ಲೆರಾಯ್ ಸ್ಟೀವನ್ಸ್ ಇಲಿಯ ಗಡ್ಡೆಗಳ ಮೇಲೆ ಮಾಡಿದ ಕೆಲಸವಿಲ್ಲದೆ ಆಕರಕೋಶ ವಿಜ್ಞಾನವೇ ಇಲ್ಲ.

ಅದೇ 2009ರ ಬೆಂಗಳೂರಿನ ಆಕರವೊಂದು ಇನ್ನಷ್ಟು ಅವಗಣನೆಗೆ ಒಳಗಾಗಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಮತ್ತು ಸಹೋದ್ಯೋಗಿಗಳು ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ಎರಡು ಮಾನವ ಭ್ರೂಣ ಆಕರಕೋಶ ಸಂತತಿಗಳನ್ನು ಆ ವರ್ಷ ವರದಿ ಮಾಡಿದರು. ಇವನ್ನು ದೇಶೀಯ ಸಂತತಿಗಳ ಪಟ್ಟಿಗೆ ಎರಡು ಸೇರ್ಪಡೆಗಳೆಂದಷ್ಟೇ ಓದುವವರು ಲೇಖನದ ಶೀರ್ಷಿಕೆಯಲ್ಲೇ ಇರುವ ಮಾತನ್ನು ಬಿಟ್ಟುಬಿಡುತ್ತಾರೆ: ಅವು ಒಡಹುಟ್ಟಿನ ಸಂತತಿಗಳು, ಬಂದದ್ದು ತ್ಯಜಿಸಿದ ಮೂರನೆಯ ದರ್ಜೆಯ ಭ್ರೂಣಗಳಿಂದ.

ದರ್ಜೆ ಎಂಬುದು ಸೂಕ್ಷ್ಮದರ್ಶಕದಡಿ ಕಣ್ಣಳತೆಯ ತೀರ್ಪು. ಕೋಶಗಳ ಗಾತ್ರ ಏರುಪೇರಾಗಿದ್ದರೆ, ಚೂರುಗಳು ಹೆಚ್ಚಿದ್ದರೆ ದರ್ಜೆ ಇಳಿಯುತ್ತದೆ. ಅಂಥ ಭ್ರೂಣವನ್ನು ಸಾಮಾನ್ಯವಾಗಿ ಗರ್ಭಕೋಶಕ್ಕೆ ಸೇರಿಸುವುದಿಲ್ಲ. ಹೀಗೆ ರೂಪದಲ್ಲಿ ಸೋತ ಭ್ರೂಣಗಳ ಕೋಶಗಳು ಮೂರೂ ಜನನಸ್ತರಗಳ ಅಂಗಾಂಶಗಳಾಗುವ ಸಾಮರ್ಥ್ಯ ಉಳಿಸಿಕೊಂಡಿದ್ದವು. ಬದುಕುಳಿದ ಕೆಲವೇ ಗಟ್ಟಿ ಕೋಶಗಳು ಆಯ್ಕೆಯಾಗಿರಬಹುದು, ಆದ್ದರಿಂದ ಇಡೀ ಭ್ರೂಣದ ಬಗ್ಗೆ ಏನನ್ನೂ ಹೇಳಲಾಗದು ಎಂಬ ಆಕ್ಷೇಪವನ್ನು ಇದರ ವಿರುದ್ಧ ಎತ್ತಬಹುದು. ಆಯ್ಕೆ ನಡೆದಿರುವುದು ಸಂಭಾವ್ಯ. ಎರಡೇ ಸಂತತಿಗಳಿಂದ ಎಲ್ಲ ಕೆಳದರ್ಜೆಯ ಭ್ರೂಣಗಳಿಗೂ ಅನ್ವಯಿಸುವ ನಿಯಮ ಹುಟ್ಟದು ಎಂಬುದೂ ಒಪ್ಪತಕ್ಕದ್ದೇ. ಆದರೂ ಆಕ್ಷೇಪ ಮುಖ್ಯ ವಿಷಯವನ್ನು ಮುಟ್ಟುವುದಿಲ್ಲ. ಆ ಕೆಲವು ಕೋಶಗಳು ಇದ್ದದ್ದು ಅದೇ ಭ್ರೂಣದೊಳಗೆ. ಅಲ್ಲಿ ಆಗದ ಬೆಳವಣಿಗೆ ತಟ್ಟೆಯಲ್ಲಿ ಸಾಧ್ಯವಾಯಿತು. ಭ್ರೂಣದ ಒಟ್ಟು ರೂಪ ಒಂದು, ಕೋಶದ ಸಾಮರ್ಥ್ಯ ಇನ್ನೊಂದು. ಈ ಭೇದವೇ ಗ್ಯಾಸ್ಟ್ರುಲಾಯ್ಡ್ ಪ್ರಯೋಗಗಳ ಆಧಾರ: ಗರ್ಭಕೋಶವಿಲ್ಲದೆ, ಮಾಸುವನ್ನು ಕಟ್ಟುವ ಹೊರಪದರವಿಲ್ಲದೆ, ಬರಿಯ ಕೋಶಗಳ ಪರಸ್ಪರ ಸಂಪರ್ಕದಿಂದ ರೂಪ ಎಷ್ಟು ದೂರ ಮೂಡೀತು ಎಂಬುದನ್ನೇ ಅಲ್ಲಿ ಪರೀಕ್ಷಿಸುವುದು.

ಬೆಂಗಳೂರಿನ ಕೆಲಸವನ್ನು ಅದರ ಮಿತಿ ಮೀರಿ ಹೊಗಳುವುದೂ ಸಲ್ಲದು. ಓಸಿಐಎಡಿ1 ಎಂಬ ಪ್ರೋಟೀನ್ ತಗ್ಗಿದಾಗ ಮೈಟೊಕಾಂಡ್ರಿಯಾದ ಮೊದಲ ಸಂಕೀರ್ಣದ ಚಟುವಟಿಕೆ ಏರಿ, ಮಧ್ಯಸ್ತರದ ಆರಂಭಿಕ ಕೋಶಗಳು ಹೆಚ್ಚುತ್ತವೆ ಎಂದು ಇನಾಮದಾರ್ ತಂಡ 2018ರಲ್ಲಿ ಮಾನವ ಆಕರಕೋಶಗಳಲ್ಲಿ ತೋರಿಸಿತು. ಕೋಶ ಯಾವ ಸ್ತರಕ್ಕೆ ಸೇರುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಆ ಸ್ತರ ದೇಹದ ಉದ್ದಕ್ಕೆ ಹೇಗೆ ಹರಡಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ. ಅದಕ್ಕೆ ಮೂರು ಆಯಾಮದ ಉಂಡೆಗಳಂಥ ಮಾದರಿಗಳೇ ಬೇಕು.