ವಿಚಾರಣಾಪೂರ್ವ ಬಂಧನ ಮತ್ತು ಪ್ರಕರಣದ ಫಲಿತಾಂಶ

ವಿಚಾರಣಾಪೂರ್ವ ಬಂಧನವೆಂದರೆ ಅಪರಾಧದ ಆರೋಪ ಹೊತ್ತ ವ್ಯಕ್ತಿಯನ್ನು ನ್ಯಾಯಾಲಯವು ತೀರ್ಪು ನೀಡುವ ಮೊದಲೇ ಸೆರೆಯಲ್ಲಿ ಇರಿಸುವುದು. ಆರೋಪಿಯು ತಪ್ಪದೆ ಹಾಜರಾಗುವಂತೆ ಮಾಡುವುದು, ಸಾಕ್ಷ್ಯನಾಶವನ್ನು ತಡೆಯುವುದು ಮತ್ತು ಸಾರ್ವಜನಿಕ ಸುರಕ್ಷತೆಯನ್ನು ಕಾಪಾಡುವುದು ಇದರ ಉದ್ದೇಶಗಳು. ಕಾನೂನಿನ ದೃಷ್ಟಿಯಲ್ಲಿ ಇದು ಶಿಕ್ಷೆಯಲ್ಲ. ಆದರೆ ಬಂಧನವೇ ಪ್ರಕರಣದ ಫಲಿತಾಂಶವನ್ನು ಬದಲಿಸುತ್ತದೆ ಎಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಪರಿಣಾಮ ಬೀರುವ ಬಗೆ

ಅಮೆರಿಕದಲ್ಲಿ ಬಹುಪಾಲು ಶಿಕ್ಷೆಗಳು ಪೂರ್ಣ ವಿಚಾರಣೆಯಿಂದಲ್ಲ, ತಪ್ಪೊಪ್ಪಿಗೆಯಿಂದ ಆಗುತ್ತವೆ. ಜಾಮೀನಿನ ಹಣ ಹೊಂದಿಸಲಾಗದೆ ಸೆರೆಯಲ್ಲಿರುವವನಿಗೆ ಉದ್ಯೋಗ ಮತ್ತು ವಸತಿ ಕೈತಪ್ಪುವ ಭಯವಿರುತ್ತದೆ. ಸಣ್ಣ ಅಪರಾಧಗಳಲ್ಲಿ ತಪ್ಪೊಪ್ಪಿಕೊಂಡರೆ ಕೂಡಲೇ ಬಿಡುಗಡೆ ದೊರೆಯಬಹುದು; ನಿರಪರಾಧಿಯೆಂದು ವಾದಿಸಿದರೆ ಸೆರೆವಾಸ ಮುಂದುವರಿಯಬಹುದು. ವಕೀಲರನ್ನು ಭೇಟಿಯಾಗುವುದೂ ಸಾಕ್ಷಿಗಳನ್ನು ಹುಡುಕುವುದೂ ಸೆರೆಯಲ್ಲಿರುವವನಿಗೆ ಕಷ್ಟ.

ಅಧ್ಯಯನಗಳು

ಗಂಭೀರ ಆರೋಪವುಳ್ಳವರೇ ಹೆಚ್ಚಾಗಿ ಬಂಧನದಲ್ಲಿ ಉಳಿಯುವುದರಿಂದ, ಬಂಧಿತರನ್ನು ಬಿಡುಗಡೆಯಾದವರೊಂದಿಗೆ ನೇರವಾಗಿ ಹೋಲಿಸಿದರೆ ತಪ್ಪು ನಿರ್ಣಯಕ್ಕೆ ಬರುವ ಸಾಧ್ಯತೆಯಿದೆ. ಇದನ್ನು ನಿವಾರಿಸಲು ವಿಲ್ ಡಾಬಿ, ಜೇಕಬ್ ಗೋಲ್ಡಿನ್ ಮತ್ತು ಕ್ರಿಸ್ಟಲ್ ಯಾಂಗ್ ಅವರು, ಒಂದೇ ಬಗೆಯ ಪ್ರಕರಣಗಳು ಉದಾರ ಅಥವಾ ಕಠಿಣ ಧೋರಣೆಯ ನ್ಯಾಯಾಧೀಶರ ಮುಂದೆ ಆಕಸ್ಮಿಕವಾಗಿ ಬರುವುದನ್ನು ಬಳಸಿಕೊಂಡರು. ಫಿಲಡೆಲ್ಫಿಯಾ ಮತ್ತು ಮಯಾಮಿ-ಡೇಡ್ ಕೌಂಟಿಗಳ ಪ್ರಕರಣಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಬಿಡುಗಡೆಯು ದೋಷಿಯೆನಿಸುವ ಸಂಭವವನ್ನು ಸುಮಾರು 14 ಶೇಕಡಾಂಶಗಳಷ್ಟು ಕಡಿಮೆ ಮಾಡುತ್ತದೆ. ತಪ್ಪೊಪ್ಪಿಗೆಗಳು ಇಳಿಮುಖವಾಗುವುದೇ ಇದಕ್ಕೆ ಮುಖ್ಯ ಕಾರಣ.

ಟೆಕ್ಸಸ್‌ನ ಹ್ಯಾರಿಸ್ ಕೌಂಟಿಯ ಸಣ್ಣ ಅಪರಾಧಗಳ ಬಗೆಗಿನ 2017ರ ಅಧ್ಯಯನದಲ್ಲಿ, ಸಮಾನ ಸ್ಥಿತಿಯಲ್ಲಿದ್ದು ಬಿಡುಗಡೆಯಾದವರಿಗಿಂತ ಬಂಧಿತರು ತಪ್ಪೊಪ್ಪಿಕೊಳ್ಳುವ ಸಂಭವ ಶೇ. 25ರಷ್ಟು ಹಾಗೂ ಸೆರೆವಾಸದ ಶಿಕ್ಷೆ ಪಡೆಯುವ ಸಂಭವ ಶೇ. 43ರಷ್ಟು ಹೆಚ್ಚೆಂದು ಕಂಡುಬಂತು. ಅದೇ ವರ್ಷ ಅಲ್ಲಿನ ಫೆಡರಲ್ ನ್ಯಾಯಾಲಯವು ಈ ಕೌಂಟಿಯ ಜಾಮೀನು ಪದ್ಧತಿ ಸಂವಿಧಾನಬಾಹಿರವೆಂದು ಅಭಿಪ್ರಾಯಪಟ್ಟಿತು.

ಭಾರತದಲ್ಲಿ

ಭಾರತದಲ್ಲಿ ತಪ್ಪೊಪ್ಪಿಗೆಯ ಚೌಕಾಶಿಗೆ ಕಾನೂನಿನ ಅವಕಾಶವಿದ್ದರೂ ಅದರ ಬಳಕೆ ವಿರಳ. ಇಲ್ಲಿನ ಮುಖ್ಯ ಸಮಸ್ಯೆ ವಿಳಂಬ. ಹುಸೈನಾರಾ ಖಾತೂನ್ ಪ್ರಕರಣದಲ್ಲಿ (1979), ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ದೀರ್ಘಕಾಲ ಬಿಹಾರದ ಸೆರೆಮನೆಗಳಲ್ಲಿದ್ದವರ ಸ್ಥಿತಿ ಬೆಳಕಿಗೆ ಬಂತು. ತ್ವರಿತ ವಿಚಾರಣೆಯು ಸಂವಿಧಾನದ 21ನೆಯ ವಿಧಿಯ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. 2022ರ ಕೊನೆಯಲ್ಲಿ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರಾಗಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿಯನ್ನು ಸೆರೆಯಲ್ಲಿ ಕಳೆದವರಿಗೆ ಜಾಮೀನು ನೀಡಬೇಕೆನ್ನುತ್ತದೆ. ಹಿಂದೆ ಯಾವುದೇ ಅಪರಾಧದಲ್ಲಿ ದೋಷಿಯೆನಿಸದವರಿಗೆ ಈ ಮಿತಿ ಮೂರನೆಯ ಒಂದು ಭಾಗ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ.