ಮೈಸೂರಿನ ಬಾಗಿಲಿಂದ ಸ್ಟ್ರಾಸ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ, ಬಾಖ್, ಬೀಥೋವನ್ ಆಮೇಲಿರಲಿ, ಮೊದಲು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ ಕೈಹಿಡಿದು ಹೋಗಿ ಅನ್ನುತ್ತೇನೆ. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯನ್ ಸಂಯೋಜಕ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರು. ಅವನು ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಇವರಿಗೇ ಅರ್ಪಿಸಿದ.

ನನಗೆ ಹೆಚ್ಚು ಹಿಡಿಸುವುದು ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ಕಥೆ. ಅವನು ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನ ಕೊನೆಯ ನಾಲ್ಕು ಹಾಡುಗಳನ್ನು ಗಾಯಕಿ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಳು. ವಾದ್ಯವೃಂದ ನಡೆಸಿದವನು ಫರ್ಟ್‌ವ್ಯಾಂಗ್ಲರ್. ಖರ್ಚಿಗೆ ಜಾಮೀನು ನಿಂತದ್ದು ನಮ್ಮ ಮಹಾರಾಜರು! ಅವರಿಗೆ ಕಛೇರಿಗೆ ಹೋಗಲಾಗಲಿಲ್ಲ, ಆದರೆ ಅವರಿಗೆಂದೇ ಧ್ವನಿಮುದ್ರಿಸಿದ್ದು ಈಗಲೂ ಕೇಳಸಿಗುತ್ತದೆ. ಕರಕರ ಸದ್ದು ಜಾಸ್ತಿ, ಆದರೂ ಆಕೆಯ ದನಿ ಅದನ್ನು ಸೀಳಿಕೊಂಡು ಬರುತ್ತದೆ. ಪಾಶ್ಚಾತ್ಯ ಸಂಗೀತವನ್ನು ಹೀಗೆ ಪೋಷಿಸಿದ ಇದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು.